ರಾಜ್ಯಸಭೆಗೆ ಮತ ಹಾಕುವ 224 ಮಂದಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ರಸ್ತೆ, ಕೊಳವೆಬಾವಿ, ವರ್ಗಾವಣೆ, ನಿವೇಶನ ಎಂದು ಬೆಳಗಾದರೆ ನಿಮ್ಮ ಮನೆ ಬಾಗಿಲಿಗೆ ಬರುವ ಅರ್ಜಿಗಳ ಕಟ್ಟಿಗೆ ಈ ಪತ್ರವನ್ನು ದಯವಿಟ್ಟು ಸೇರಿಸಬೇಡಿ. ನಾನು ಚಿತ್ರದುರ್ಗ ಜಿಲ್ಲೆಯವನು, ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವವನು. ನಮ್ಮ ಪ್ರತಿನಿಧಿಗಳಾಗಿ ನೀವು ಮಾಡಿದ ಮತ್ತು ಮಾಡದ ಕೆಲಸಗಳ ಬಗ್ಗೆ ಮಾತನಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನೀವೇ ಮತದಾರರಾಗಿ ಸಾಲಿನಲ್ಲಿ ನಿಲ್ಲುವ ಒಂದು ದಿನವಿದೆ. ಆ ದಿನ ಯಾರಿಗೆ ಮತ ಹಾಕಿದಿರಿ, ಯಾಕೆ ಹಾಕಿದಿರಿ, ಹಾಕಿದ ಮೇಲೆ ಅವರಿಂದ ಏನು ಕೇಳಿದಿರಿ ಎಂದು ನಿಮ್ಮನ್ನು ವಿಚಾರಿಸುವವರು ಮಾತ್ರ ಯಾರೂ ಇಲ್ಲ. ಅದನ್ನು ವಿಚಾರಿಸಲು ಬರೆಯುತ್ತಿದ್ದೇನೆ.

ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನಗಳು. ಅವಧಿ ಆರು ವರ್ಷ; ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಾಲ್ಕು ಸ್ಥಾನಗಳು ತೆರವಾಗುತ್ತವೆ. 224 ಮಂದಿಯೂ ಮತ ಹಾಕಿದರೆ, ನಾಲ್ಕು ಸ್ಥಾನಗಳ ಚುನಾವಣೆಯಲ್ಲಿ 45 ಮೊದಲ ಪ್ರಾಶಸ್ತ್ಯದ ಮತಗಳು ಬಿದ್ದವರು ಗೆದ್ದಂತೆಯೇ ಲೆಕ್ಕ. 2011ರ ಜನಗಣತಿಯ ಪ್ರಕಾರ ಆರು ಕೋಟಿ ಮೀರಿದ ಜನರಿರುವ ರಾಜ್ಯದ ಪರವಾಗಿ ದೆಹಲಿಯಲ್ಲಿ ಕೂರುವವರನ್ನು ನಿಮ್ಮಲ್ಲಿ 45 ಮಂದಿ ತೀರ್ಮಾನಿಸುತ್ತೀರಿ. ಒಂದು ಗ್ರಾಮ ಪಂಚಾಯಿತಿ ವಾರ್ಡಿನ ಚುನಾವಣೆಗೂ ಇದಕ್ಕಿಂತ ಹೆಚ್ಚು ಮತ ಬೇಕು.

ಮತದಾನದ ವಿಧಾನ ನಿಮಗೆ ಗೊತ್ತಿದೆ, ಓದುಗರಿಗಾಗಿ ಹೇಳುತ್ತೇನೆ. ಚುನಾವಣಾಧಿಕಾರಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯಬೇಕು. ಜೇಬಿನ ಪೆನ್ನು ತೆಗೆದರೆ ಮತ ಹೋಯಿತು. ಬರೆದಾದ ಮೇಲೆ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು, ಪಕ್ಕದಲ್ಲೇ ಕುಳಿತಿರುವ ನಿಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ತೋರಿಸದಿದ್ದರೆ ಅಸಿಂಧು, ಬೇರೆ ಪಕ್ಷದ ಏಜೆಂಟರಿಗೆ ತೋರಿಸಿದರೂ ಅಸಿಂಧು. ಪಕ್ಷೇತರರು ಯಾರಿಗೂ ತೋರಿಸುವಂತಿಲ್ಲ. 2003ಕ್ಕೆ ಮೊದಲು ಇದು ರಹಸ್ಯ ಮತದಾನವಾಗಿತ್ತು. ಮತಗಳ ಖರೀದಿ ಮಿತಿ ಮೀರಿತೆಂದು ಕಾನೂನು ಬದಲಾಯಿಸಿ ಈ ಏರ್ಪಾಡು ತಂದರು. ತಂದು ಇಷ್ಟು ವರ್ಷವಾದರೂ ಚುನಾವಣೆಯ ಹಿಂದಿನ ದಿನ ಶಾಸಕರನ್ನು ಹೋಟೆಲಿನಲ್ಲಿ ಕೂಡಿಹಾಕಿ, ಬೆಳಗ್ಗೆ ಬಸ್ಸಿನಲ್ಲಿ ವಿಧಾನಸೌಧಕ್ಕೆ ಕರೆತರುವ ಪದ್ಧತಿ ನಿಂತಿಲ್ಲ. 2024ರ ಫೆಬ್ರುವರಿಯ ಚುನಾವಣೆಯಲ್ಲೂ ಅದನ್ನು ನೋಡಿದೆವು. ಏಜೆಂಟರ ಕಣ್ಣೆದುರಿಗೇ ಒಬ್ಬರು ಅಡ್ಡ ಮತ ಹಾಕಿದರು, ಇನ್ನೊಬ್ಬರು ಮತಗಟ್ಟೆಗೇ ಬರಲಿಲ್ಲ.

ಇಲ್ಲೊಂದು ವಿಚಿತ್ರವಿದೆ. ಈ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಗೆ ಮತ ಹಾಕದಿದ್ದರೆ ನಿಮ್ಮ ಶಾಸಕ ಸ್ಥಾನ ಹೋಗುವುದಿಲ್ಲ. ಪಕ್ಷಾಂತರ ನಿಷೇಧ ಕಾಯ್ದೆ ಈ ಮತಕ್ಕೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟೇ ಹೇಳಿದೆ. ಪಕ್ಷ ಉಚ್ಚಾಟಿಸಬಹುದು, ಅಷ್ಟೇ. ಆದರೆ ನೀವು ಗೆಲ್ಲಿಸಿ ಕಳಿಸಿದವರು ರಾಜ್ಯಸಭೆಯ ಒಳಗೆ ಪಕ್ಷದ ವಿಪ್ ಮೀರಿದರೆ ಸ್ಥಾನವೇ ಹೋಗುತ್ತದೆ. ಅಂದರೆ ಆರಿಸುವವರಿಗೆ ಸ್ವಾತಂತ್ರ್ಯವಿದೆ, ಆರಿಸಿಬಂದವರಿಗೆ ಇಲ್ಲ. ಅಡ್ಡ ಮತದಾನ ಮಾಡಿ ಎಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ಏನೇನಿರುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಾನು ಹೇಳುವುದು ಇಷ್ಟು: ರಾಜ್ಯದ ಮಾತು ದೆಹಲಿಗೆ ತಲುಪಬೇಕಾದರೆ, ಆ ಮಾತನ್ನು ಅಭ್ಯರ್ಥಿಯ ಕಿವಿಗೆ ಹಾಕಲು ಇರುವ ಸಮಯ ಆತ ಗೆಲ್ಲುವುದಕ್ಕೆ ಮೊದಲು. ಗೆದ್ದ ಮೇಲೆ ಆತ ಕೇಳಬೇಕಾದದ್ದು ಪಕ್ಷದ ಮಾತನ್ನು.

ಮೇಲ್ಮನೆ, ಹಿರಿಯರ ಮನೆ, ಚಿಂತಕರ ಚಾವಡಿ ಎಂದೆಲ್ಲ ಹೊಗಳುತ್ತೇವೆ. ಅದರ ಕೆಲಸವೇನೆಂದು ಮಾತ್ರ ಮರೆತಿದ್ದೇವೆ. ನಮ್ಮದು ಇನ್ನೂ ಎಳೆಯ ಗಣರಾಜ್ಯ. 1950ರಲ್ಲಿ ಸಂವಿಧಾನ ಜಾರಿಗೆ ಬಂತು, 1952ರ ಮೇ 13ರಂದು ಮೇಲ್ಮನೆಯ ಮೊದಲ ಬೈಠಕ್ ನಡೆಯಿತು, 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಮತ್ತೆ ಬರೆಯಲಾಯಿತು. ಐದು ಆಡಳಿತಗಳ ಅಡಿಯಲ್ಲಿ ಹರಿದುಹೋಗಿದ್ದ ಕನ್ನಡಿಗರು ಒಂದೇ ರಾಜ್ಯದ ಕೆಳಗೆ ಬಂದದ್ದು ಆಗ. ಹತ್ತಾರು ಭಾಷೆ, ನೂರಾರು ಸಮುದಾಯಗಳ ಇಂಥ ದೇಶದಲ್ಲಿ, ತಲೆ ಎಣಿಕೆಯ ಬಲದಿಂದ ಕೆಳಮನೆ ಮಾಡುವ ಕಾನೂನುಗಳನ್ನು ರಾಜ್ಯಗಳ ಕಣ್ಣಿನಿಂದ ಇನ್ನೊಮ್ಮೆ ನೋಡುವ ಜಾಗವೊಂದು ಬೇಕಾಗುತ್ತದೆ. ಅದಕ್ಕಾಗಿಯೇ ಈ ಸಭೆಗೆ ಲೋಕಸಭೆಗಿಲ್ಲದ ಎರಡು ಅಧಿಕಾರಗಳಿವೆ. ರಾಜ್ಯಪಟ್ಟಿಯಲ್ಲಿರುವ, ಅಂದರೆ ಸಾಮಾನ್ಯವಾಗಿ ರಾಜ್ಯಗಳೇ ಕಾನೂನು ಮಾಡಬೇಕಾದ, ವಿಷಯದ ಮೇಲೆ ಸಂಸತ್ತು ಕಾನೂನು ಮಾಡಬಹುದೆಂದು 249ನೇ ವಿಧಿಯ ಪ್ರಕಾರ ಮೂರನೇ ಎರಡರಷ್ಟು ಬಹುಮತದಿಂದ ಹೇಳುವುದು ರಾಜ್ಯಸಭೆ. ಹೊಸ ಅಖಿಲ ಭಾರತ ಸೇವೆಯೊಂದನ್ನು ಆರಂಭಿಸಬೇಕಾದರೂ 312ನೇ ವಿಧಿಯ ಪ್ರಕಾರ ಅದೇ ಸಭೆ ಒಪ್ಪಬೇಕು. ಎರಡೂ ರಾಜ್ಯಗಳ ಅಂಗಳಕ್ಕೆ ಕೇಂದ್ರ ಕಾಲಿಡುವ ಸಂದರ್ಭಗಳು. ಆ ಅಂಗಳದ ಬೀಗದ ಕೈಯನ್ನು ಸಂವಿಧಾನ ರಾಜ್ಯಗಳ ಪ್ರತಿನಿಧಿಗಳ ಕೈಗೆ ಕೊಟ್ಟಿದೆ.

ಸ್ಥಾನಗಳ ಹಂಚಿಕೆ ಸಮಾನವಲ್ಲ ಎಂಬುದು ನಿಜ. ಮೊದಲ 50 ಲಕ್ಷ ಜನರವರೆಗೆ ಹತ್ತು ಲಕ್ಷಕ್ಕೊಂದು ಸ್ಥಾನ, ಆಮೇಲೆ ಇಪ್ಪತ್ತು ಲಕ್ಷಕ್ಕೊಂದು ಎಂಬುದು ರಾಜ್ಯ ಪುನರ್ವಿಂಗಡಣೆಯ ಕಾಲದ ಸೂತ್ರ. ಆಗಿನ ಮೈಸೂರು ರಾಜ್ಯಕ್ಕೆ ಅದರಿಂದ 12 ಬಂತು, ಈಗಲೂ ಅಷ್ಟೇ ಇದೆ. ಉತ್ತರ ಪ್ರದೇಶಕ್ಕೆ 31. ನಮಗಿಂತಲೂ ಎಳೆಯ ಒಕ್ಕೂಟವಾದ ನೇಪಾಳ 2015ರ ಸಂವಿಧಾನದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಏಳು ಪ್ರಾಂತಗಳಿಗೂ ರಾಷ್ಟ್ರೀಯ ಸಭೆಯಲ್ಲಿ ತಲಾ ಎಂಟು ಸ್ಥಾನ. ಅರವತ್ತು ಲಕ್ಷ ಮೀರಿದ ಜನರಿರುವ ಮಧೇಶಕ್ಕೂ ಎಂಟು, ಹದಿನೇಳು ಲಕ್ಷದಷ್ಟು ಜನರಿರುವ ಕರ್ನಾಲಿಗೂ ಎಂಟು. ಜರ್ಮನಿಯಲ್ಲಿ ರಾಜ್ಯ ಸರ್ಕಾರದ ಮಂತ್ರಿಗಳೇ ಮೇಲ್ಮನೆಯಲ್ಲಿ ಕೂರುತ್ತಾರೆ, ಒಂದು ರಾಜ್ಯದ ಮತಗಳೆಲ್ಲ ಒಟ್ಟಿಗೇ ಬೀಳಬೇಕು. ಪಕ್ಷ ಯಾವುದೇ ಇರಲಿ, ಅಲ್ಲಿ ಮಾತನಾಡುವುದು ರಾಜ್ಯ. ಅವು ನಮಗೆ ಹೊಂದುತ್ತವೆಯೋ ಇಲ್ಲವೋ ಎಂಬುದು ಬೇರೆ ಚರ್ಚೆ. ನಮ್ಮ ಬಳಿ ಇರುವ ಹನ್ನೆರಡನ್ನು ನಾವು ಏನು ಮಾಡಿಕೊಂಡಿದ್ದೇವೆ ಎಂಬುದು ನನ್ನ ಪ್ರಶ್ನೆ.

2003ರವರೆಗೆ, ಒಂದು ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾಗಬೇಕಾದರೆ ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಹೆಸರಿಗೊಂದು ಬಾಡಿಗೆ ಮನೆ ಮಾಡಿ ಆ ನಿಯಮವನ್ನು ದಾಟುವುದು ಆಗಲೂ ನಡೆಯುತ್ತಿತ್ತು. ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್ ಅವರ ಹೆಸರು ಅಸ್ಸಾಮಿನ ದಿಸ್ಪುರದ ಮತದಾರರ ಪಟ್ಟಿಯಲ್ಲಿತ್ತು ಎಂಬುದು ಎಲ್ಲರಿಗೂ ತಿಳಿದ ವಿಷಯ. ಸುಳ್ಳು ಹೇಳಿಸುವ ನಿಯಮವೇಕೆ ಎಂದು 2003ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಪತ್ರಕರ್ತ ಕುಲದೀಪ್ ನಯ್ಯರ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಒಕ್ಕೂಟ ವ್ಯವಸ್ಥೆಗೆ ಪ್ರತಿನಿಧಿಯ ವಾಸಸ್ಥಳ ಅತ್ಯಗತ್ಯವೇನಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ 2006ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಬಹಿರಂಗ ಮತದಾನವನ್ನು ಎತ್ತಿಹಿಡಿದದ್ದೂ ಅದೇ ತೀರ್ಪು.

ಅಲ್ಲಿಂದ ಮುಂದಿನ ಕಥೆ ನಿಮ್ಮದೇ. 1998ರಿಂದ 2016ರವರೆಗೆ ಮೂರು ಅವಧಿಗೆ ಎಂ. ವೆಂಕಯ್ಯ ನಾಯ್ಡು ಕರ್ನಾಟಕದ ಸದಸ್ಯರಾಗಿದ್ದರು. 2011ರ ಉಪಚುನಾವಣೆಯಲ್ಲಿ ಹೇಮಾಮಾಲಿನಿ ಬಂದರು. 2016ರಲ್ಲಿ, ಅದುವರೆಗೆ ಆಂಧ್ರದ ಸದಸ್ಯರಾಗಿದ್ದ ನಿರ್ಮಲಾ ಸೀತಾರಾಮನ್ ಮತ್ತು ಜೈರಾಮ್ ರಮೇಶ್ ಇಬ್ಬರೂ ಒಂದೇ ಚುನಾವಣೆಯಲ್ಲಿ ಕರ್ನಾಟಕದ ಪಾಲಿಗೆ ಬಂದರು. 2022ರಲ್ಲಿ ಇಬ್ಬರೂ ಮರು ಆಯ್ಕೆಯಾದರು. 2024ರಲ್ಲಿ ದೆಹಲಿಯ ಅಜಯ್ ಮಾಕನ್. ಬಿಜೆಪಿ, ಕಾಂಗ್ರೆಸ್ ಎಂಬ ಭೇದ ಇದರಲ್ಲಿ ಇಲ್ಲ. ತಮ್ಮ ನಾಯಕರಿಗೆ ಎಲ್ಲಿಯೂ ಜಾಗ ಸಿಗದಾಗ ದೆಹಲಿಯವರಿಗೆ ನೆನಪಾಗುವುದು ಬೆಂಗಳೂರು.

ಇಷ್ಟು ಓದಿ, ಹೊರಗಿನವರ ವಿರುದ್ಧದ ಪತ್ರವಿದು ಎಂದು ನಿಮ್ಮಲ್ಲಿ ಕೆಲವರು ಚಪ್ಪಾಳೆ ತಟ್ಟಲು ಹೊರಟಿದ್ದರೆ ಸ್ವಲ್ಪ ತಾಳಿ. ವಿಜಯ್ ಮಲ್ಯ ಬೆಂಗಳೂರಿನ ಉದ್ಯಮಿ. ಅವರನ್ನು 2002ರಲ್ಲಿ ಒಮ್ಮೆ, 2010ರಲ್ಲಿ ಮತ್ತೊಮ್ಮೆ ಪಕ್ಷೇತರರಾಗಿ ಗೆಲ್ಲಿಸಿದ್ದು ಈ ಸದನದ ಶಾಸಕರೇ. ಒಂದೇ ಪಕ್ಷದ ಮತಗಳಿಂದ ಅವರು ಗೆಲ್ಲಲಿಲ್ಲ. ಹಾಗಾಗಿ ಯಾರೂ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ. ಬ್ಯಾಂಕುಗಳ ಸಾವಿರಾರು ಕೋಟಿ ಬಾಕಿ ಉಳಿಸಿ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟಾಗ ಅವರು ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದರು. ಸದನದ ನೀತಿ ಸಮಿತಿ ಅವರನ್ನು ಹೊರಹಾಕುವ ಹಂತಕ್ಕೆ ಬಂದಾಗ ಮೇ ತಿಂಗಳಲ್ಲಿ ರಾಜೀನಾಮೆ ಕಳಿಸಿದರು. ನಮ್ಮವರೇ ಎಂಬುದರಿಂದ ನಮಗೆ ಸಿಕ್ಕ ಲಾಭ ಅದು.

ಇನ್ನೊಂದು ಕಡೆ, ಆಧಾರ್ ಮಸೂದೆಯನ್ನು ಹಣಕಾಸು ಮಸೂದೆ ಎಂದು ಹಣೆಪಟ್ಟಿ ಹಚ್ಚಿ 2016ರ ಮಾರ್ಚ್‌ನಲ್ಲಿ ತಂದಾಗ, ಅದಕ್ಕೆ ರಾಜ್ಯಸಭೆಯಲ್ಲಿ ಐದು ತಿದ್ದುಪಡಿಗಳನ್ನು ಸೂಚಿಸಿ ಗೆದ್ದವರು ಜೈರಾಮ್ ರಮೇಶ್. ಹಣಕಾಸು ಮಸೂದೆಯ ಮೇಲೆ ರಾಜ್ಯಸಭೆ ಸಲಹೆ ಮಾತ್ರ ಕೊಡಬಹುದಾದ್ದರಿಂದ ಲೋಕಸಭೆ ಅದೇ ಸಂಜೆ ಐದನ್ನೂ ತಳ್ಳಿಹಾಕಿತು. ಆ ಹಣೆಪಟ್ಟಿಯನ್ನೇ ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೂ ಹೋದರು. (ಆಧಾರ್ ವಿರುದ್ಧದ ಮುಖ್ಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಮರೆಯಬಾರದು.) 2018ರ ತೀರ್ಪಿನಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಭಿನ್ನ ತೀರ್ಪು ಬರೆದ ಡಿ.ವೈ. ಚಂದ್ರಚೂಡ್ ಮಾತ್ರ ರಾಜ್ಯಸಭೆಯನ್ನು ಹೀಗೆ ದಾಟಿಹೋಗುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದರು. ಜೈರಾಮ್ ರಮೇಶ್ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ಆ ಹೊತ್ತಿಗೆ ಪ್ರತಿನಿಧಿಸುತ್ತಿದ್ದದ್ದು ಆಂಧ್ರವನ್ನು. ಮೇಲ್ಮನೆಯ ಅಧಿಕಾರ ಉಳಿಸುವ ಆ ಕೆಲಸದಿಂದ ಆಂಧ್ರಕ್ಕೆ ಎಷ್ಟು ಪ್ರಯೋಜನವೋ ನಮಗೂ ಅಷ್ಟೇ. ಹುಟ್ಟೂರು ನೋಡಿ ಸದಸ್ಯರನ್ನು ಅಳೆಯಲಾಗದು.

ಅಳೆಯಬೇಕಾದದ್ದು ಅವರು ಯಾರಿಗೆ ಉತ್ತರದಾಯಿ ಎಂಬುದರಿಂದ. ಲೋಕಸಭಾ ಸದಸ್ಯರು ಐದು ವರ್ಷಕ್ಕೊಮ್ಮೆಯಾದರೂ ನಮ್ಮ ಊರಿನ ಬೀದಿಗೆ ಬಂದು ಕೈಮುಗಿಯಬೇಕು. ರಾಜ್ಯಸಭಾ ಸದಸ್ಯರು ನಮ್ಮೆದುರು ಬರುವ ಅಗತ್ಯವೇ ಇಲ್ಲ. ಅವರ ಮತದಾರರು ನೀವು. ನೀವು ಕೇಳದಿದ್ದರೆ ಅವರನ್ನು ಕೇಳುವವರು ಈ ಭೂಮಿಯ ಮೇಲೆ ಬೇರೆ ಯಾರೂ ಇಲ್ಲ, ಅವರ ಪಕ್ಷದ ವರಿಷ್ಠರನ್ನು ಬಿಟ್ಟರೆ.

ನೀವು ಕೇಳಬಹುದಾಗಿದ್ದ ಒಂದು ಸಂದರ್ಭವನ್ನು ಹೇಳುತ್ತೇನೆ. 14ನೇ ಹಣಕಾಸು ಆಯೋಗದಲ್ಲಿ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು. 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಇಳಿಯಿತು. ಇಳಿಕೆ ಎಷ್ಟು ತೀವ್ರವಾಗಿತ್ತೆಂದರೆ, 2020–21ರಲ್ಲಿ ಹಿಂದಿನ ವರ್ಷಕ್ಕಿಂತ ಕಡಿಮೆ ಹಣ ಪಡೆಯಲಿದ್ದ ಮೂರು ರಾಜ್ಯಗಳಿಗೆ ಆಯೋಗವೇ 6,764 ಕೋಟಿ ರೂಪಾಯಿಯ ವಿಶೇಷ ಅನುದಾನ ಶಿಫಾರಸು ಮಾಡಿತು. ಮಿಜೋರಾಂಗೆ 546 ಕೋಟಿ, ತೆಲಂಗಾಣಕ್ಕೆ 723 ಕೋಟಿ, ಉಳಿದ 5,495 ಕೋಟಿ ಕರ್ನಾಟಕಕ್ಕೆ. ಕೇಂದ್ರ ಅದನ್ನು ಒಪ್ಪದೆ, ಮರುಪರಿಶೀಲಿಸಿ ಎಂದು ಆಯೋಗಕ್ಕೆ ಹೇಳಿತು. ಹಣ ಬರಲಿಲ್ಲ. ಅಂತಿಮ ವರದಿಯಲ್ಲಿ ಆ ಶಿಫಾರಸು ಇರಲಿಲ್ಲ ಎಂಬುದು ಹಣಕಾಸು ಸಚಿವರ ಉತ್ತರ. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಗೆ, ಕೆರೆಗಳಿಗೆ ಎಂದು ಆಯೋಗ ಅಂತಿಮ ವರದಿಯಲ್ಲಿ ಹೇಳಿದ್ದ ಇನ್ನೊಂದು 6,000 ಕೋಟಿಯ ವಾದವೂ ಹೀಗೆಯೇ ಸಾಗಿತು. ಉತ್ತರ ಸರಿಯೋ ತಪ್ಪೋ, ಅದನ್ನು ಕೊಟ್ಟ ಹಣಕಾಸು ಸಚಿವರು ನಿಮ್ಮ ಮತಗಳಿಂದಲೇ ರಾಜ್ಯಸಭೆಯಲ್ಲಿ ಕುಳಿತವರು. ಆ ವಿಶೇಷ ಅನುದಾನ ಕೈತಪ್ಪಿದ ಮೇಲೆ 2022ರಲ್ಲಿ ಅವರು ಮತ್ತೆ ಅಭ್ಯರ್ಥಿಯಾಗಿ ವಿಧಾನಸೌಧಕ್ಕೆ ಬಂದರು. ಅವರಿಗೆ ಮತ ಹಾಕಿದವರಲ್ಲಿ ಯಾರಾದರೂ, ಪಕ್ಷದ ಸಭೆಯಲ್ಲೇ ಆಗಲಿ, ಕಾಫಿ ಕುಡಿಯುವಾಗಲೇ ಆಗಲಿ, ಆ 5,495 ಕೋಟಿಯ ಮಾತೆತ್ತಿದರೇ? ಎತ್ತಿದ್ದರೆ ಹೇಳಿ, ಸಂತೋಷದಿಂದ ಬರೆಯುತ್ತೇನೆ.

ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಎಂದು ಘೋಷಣೆಯಾಯಿತು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಕೊಡಬೇಕಾದ ಯೋಜನೆ ಇದು. ಸಾವಿರ ಅಡಿ ಕೊರೆದರೂ ದೂಳೇ ಮೇಲೆ ಬರುವ ಊರುಗಳು ನಮ್ಮವು. ಶೇಂಗಾ ಹೊಲಗಳ ನಡುವೆ ಕಾಲುವೆಗೆಂದು ಅಗೆದ ಮಣ್ಣಿನ ದಿಬ್ಬಗಳನ್ನು ನೋಡುತ್ತಲೇ ಒಂದು ತಲೆಮಾರಿನ ಹುಡುಗರು ಶಾಲೆ ಮುಗಿಸಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಘೋಷಣೆಯ ದಿನ ಟಿವಿ ನೋಡಿ ಪಟಾಕಿ ಹೊಡೆದವರೂ ಇದ್ದರು. ಆಮೇಲೆ, ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತ ಬಂದಿದೆ, ಷರತ್ತು ಮತ್ತು ಅನುಮೋದನೆಗಳ ಮಾತನ್ನು ಕೇಂದ್ರ ಹೇಳುತ್ತ ಬಂದಿದೆ. ನಮ್ಮ ಕಡೆಯ ರೈತರು ಬಂದ್ ಮಾಡಿದರು, ಹೆದ್ದಾರಿಯಲ್ಲಿ ಕುಳಿತರು. ಒಂದು ಬಜೆಟ್ ಘೋಷಣೆಯ ಹಣ ಎಲ್ಲಿ ನಿಂತಿದೆ ಎಂದು ಕೇಳಲು ಹೆದ್ದಾರಿಯಲ್ಲಿ ಕೂರಬೇಕಾದ ಕರ್ಮ ಯಾಕೆ, ನಮ್ಮ ಪರವಾಗಿ ಕೇಳಬೇಕಾದ ಹನ್ನೆರಡು ಮಂದಿ ಹವಾನಿಯಂತ್ರಿತ ಸಭಾಂಗಣದಲ್ಲಿ ಕೂತಿರುವಾಗ?

2023ರ ಬರಗಾಲದಲ್ಲಿ ಆದದ್ದು ಇನ್ನೂ ಖಾರವಾದ ಸಂಗತಿ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ 18,171 ಕೋಟಿ ರೂಪಾಯಿ ಪರಿಹಾರ ಕೇಳಿತು, ತಿಂಗಳುಗಟ್ಟಲೆ ಕಾದಿತು, ಕೊನೆಗೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಕೇಂದ್ರ ಮತ್ತು ರಾಜ್ಯ ಮಾತನಾಡಿಕೊಳ್ಳಲೆಂದು ಸಂವಿಧಾನ ಒಂದು ಸದನವನ್ನೇ ಕಟ್ಟಿಕೊಟ್ಟಿರುವಾಗ, ಬರದ ದುಡ್ಡಿಗೆ ಕೋರ್ಟಿಗೆ ಹೋಗಬೇಕಾಯಿತು ಎಂದರೆ ಆ ಸದನದಲ್ಲಿ ನಮ್ಮ ಕುರ್ಚಿಗಳು ಇದ್ದೂ ಇಲ್ಲದಂತೆ.

ಆ ಸದನಕ್ಕೆ ಶಕ್ತಿಯೇ ಇಲ್ಲ ಎಂದು ಕೈಚೆಲ್ಲಬೇಡಿ. ಜಿಎಸ್‌ಟಿ ತಿದ್ದುಪಡಿಯನ್ನು ನೆನಪಿಸಿಕೊಳ್ಳಿ. ಲೋಕಸಭೆ ಒಪ್ಪಿ ಕಳಿಸಿದ ಮಸೂದೆಯನ್ನು ರಾಜ್ಯಸಭೆ ಆಯ್ಕೆ ಸಮಿತಿಗೆ ಒಪ್ಪಿಸಿತು, ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿಟ್ಟಿತು. 2016ರ ಆಗಸ್ಟ್ 3ರಂದು ಅದು ಅಂಗೀಕಾರವಾದಾಗ, ಅಂತರರಾಜ್ಯ ಸರಕಿನ ಮೇಲಿನ ಶೇ 1ರ ಹೆಚ್ಚುವರಿ ತೆರಿಗೆ ಬಿದ್ದುಹೋಗಿತ್ತು. ರಾಜ್ಯಗಳಿಗೆ ಐದು ವರ್ಷ ಪರಿಹಾರ ಕೊಡುವುದು ಕೇಂದ್ರದ ಮರ್ಜಿಗೆ ಬಿಟ್ಟ ವಿಷಯವಾಗಿ ಉಳಿಯದೆ ಕಡ್ಡಾಯವಾಗಿತ್ತು. ಆ ಐದು ವರ್ಷ ಕರ್ನಾಟಕದ ಬೊಕ್ಕಸಕ್ಕೆ ಬಂದ ಪರಿಹಾರದ ಹಿಂದೆ ಮೇಲ್ಮನೆಯ ಆ ಹಟವಿತ್ತು. ಆಗ ಸರ್ಕಾರಕ್ಕೆ ಅಲ್ಲಿ ಬಹುಮತವಿರಲಿಲ್ಲ ಎಂಬುದೂ ನಿಜ.

ಬಹುಮತದ ಭರವಸೆ ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ 2020ರ ಸೆಪ್ಟೆಂಬರ್ 20 ಇದೆ. ಕೃಷಿ ರಾಜ್ಯಪಟ್ಟಿಯ ವಿಷಯ, ಮಾರುಕಟ್ಟೆಯೂ ರಾಜ್ಯಪಟ್ಟಿಯ ವಿಷಯ. ಅವುಗಳ ಬುಡಕ್ಕೆ ಕೈಹಾಕುವ ಎರಡು ಮಸೂದೆಗಳನ್ನು ರಾಜ್ಯಗಳ ಸದನ ಧ್ವನಿಮತದಿಂದ ಮುಗಿಸಿತು. ಮತ ಎಣಿಕೆ ಬೇಕೆಂದು ವಿರೋಧಪಕ್ಷಗಳು ಕೂಗಿದವು. ಸದಸ್ಯರು ತಮ್ಮ ಆಸನಗಳಲ್ಲಿ ಇಲ್ಲ ಎಂಬ ಕಾರಣ ಕೊಟ್ಟು ಅದನ್ನು ಒಪ್ಪಲಿಲ್ಲ. ಮೈಕು ಮುರಿಯುವಷ್ಟು ಗದ್ದಲವಾಯಿತು, ಮರುದಿನ ಎಂಟು ಸದಸ್ಯರ ಅಮಾನತಾಯಿತು. ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಅವರಲ್ಲಿ ಒಬ್ಬರು. ಗದ್ದಲ ಮಾಡಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ದಿನ ಕರ್ನಾಟಕದ ಯಾವ ಸದಸ್ಯರು ಆ ಮಸೂದೆಗಳಿಗೆ ಹೌದೆಂದರು, ಯಾರು ಬೇಡವೆಂದರು ಎಂಬ ದಾಖಲೆ ನಮ್ಮ ಎಪಿಎಂಸಿಯ ರೈತರಿಗೆ ಎಂದೂ ಸಿಗುವುದಿಲ್ಲ. ಒಂದು ವರ್ಷದ ಬಳಿಕ ಅವೇ ಕಾಯ್ದೆಗಳನ್ನು ಚರ್ಚೆಯಿಲ್ಲದೆ ರದ್ದು ಮಾಡಲಾಯಿತು. ಬರುವಾಗಲೂ ರಾಜ್ಯಗಳನ್ನು ಕೇಳಲಿಲ್ಲ, ಹೋಗುವಾಗಲೂ ಇಲ್ಲ.

ಕ್ಷೇತ್ರ ಮರುವಿಂಗಡಣೆಯ ಚಿಂತೆ ನಿಮಗೂ ಇದೆ ಎಂದು ಬಲ್ಲೆ. ಲೋಕಸಭಾ ಸ್ಥಾನಗಳ ರಾಜ್ಯವಾರು ಹಂಚಿಕೆಯನ್ನು 1971ರ ಜನಗಣತಿಗೆ ನಿಲ್ಲಿಸಿದ್ದು 1976ರ 42ನೇ ತಿದ್ದುಪಡಿ. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಜನಸಂಖ್ಯೆ ಹಿಡಿತದಲ್ಲಿಟ್ಟ ತಪ್ಪಿಗೆ ನಮ್ಮ ಸ್ಥಾನಗಳ ತೂಕ ಇಳಿಯುತ್ತದೆ ಎಂದು ಈ ವಿಧಾನಸಭೆ 2024ರ ಜುಲೈನಲ್ಲಿ ನಿರ್ಣಯವನ್ನೇ ಮಾಡಿತು. ಒಳ್ಳೆಯದು. ಆ ನಿರ್ಣಯದ ಒಂದೊಂದು ಪ್ರತಿಯನ್ನು ನಮ್ಮ ಹನ್ನೆರಡು ಮಂದಿಗೆ ಕಳಿಸಿ, ಅದರ ಬಗ್ಗೆ ಸದನದಲ್ಲಿ ಏನು ಹೇಳುತ್ತೀರಿ ಎಂದು ಯಾರಾದರೂ ಕೇಳಿದಿರಾ? ಕೆಳಮನೆಯಲ್ಲಿ ದನಿ ಸಣ್ಣದಾಗುವ ಕಾಲ ಬಂದರೆ ಆಸರೆಯಾಗಬೇಕಾದದ್ದು ಮೇಲ್ಮನೆ. ಆ ಕುರ್ಚಿಗಳನ್ನು ನಾವೇ ಬಾಡಿಗೆಗೆ ಕೊಟ್ಟಿದ್ದರೆ ಆಗ ಹೋಗಿ ಯಾರನ್ನು ಕೇಳುವುದು?

ನಿಮ್ಮಿಂದ ಸಂವಿಧಾನ ತಿದ್ದುಪಡಿಯನ್ನು ನಾನು ನಿರೀಕ್ಷಿಸುತ್ತಿಲ್ಲ. ನಿಮ್ಮ ಕೈಯಲ್ಲಿ ಈಗಲೇ ಇರುವ ಒಂದು ಅಸ್ತ್ರದ ಬಗ್ಗೆ ಹೇಳುತ್ತೇನೆ, ಅದನ್ನು ನೀವು ಗಮನಿಸಿಯೇ ಇಲ್ಲವೆಂದು ಕಾಣುತ್ತದೆ. ಕರ್ನಾಟಕದಿಂದ ರಾಜ್ಯಸಭೆಗೆ ಸ್ಪರ್ಧಿಸುವ ಪ್ರತಿಯೊಬ್ಬರ ನಾಮಪತ್ರಕ್ಕೂ ಹತ್ತು ಶಾಸಕರು ಸೂಚಕರಾಗಿ ಸಹಿ ಹಾಕಬೇಕು. ವರಿಷ್ಠರು ದೆಹಲಿಯಿಂದ ಎಷ್ಟೇ ದೊಡ್ಡ ಹೆಸರನ್ನು ಕಳಿಸಲಿ, ನಿಮ್ಮಲ್ಲಿ ಹತ್ತು ಮಂದಿಯ ಸಹಿಯಿಲ್ಲದೆ ಆ ಕಾಗದಕ್ಕೆ ಬೆಲೆಯಿಲ್ಲ. ಕೊನೆಯ ದಿನದ ಹಿಂದಿನ ರಾತ್ರಿ ಹೆಸರು ಬರುತ್ತದೆ, ಬೆಳಗ್ಗೆ ಕಾರ್ಯದರ್ಶಿಯೊಬ್ಬರು ಫೈಲು ಹಿಡಿದು ಬರುತ್ತಾರೆ, ನೀವು ನಿಂತ ನಿಲುವಿನಲ್ಲೇ ಸಹಿ ಹಾಕುತ್ತೀರಿ. ಅಲ್ಲಿ ಹತ್ತು ನಿಮಿಷ ನಿಲ್ಲಿ. ಸಹಿಗೆ ಮೊದಲು ಅಭ್ಯರ್ಥಿಯನ್ನು ಎದುರು ಕೂರಿಸಿಕೊಂಡು ಮಾತನಾಡಿಸಿ. ಮಹದಾಯಿಗೆ ಸಂಬಂಧಿಸಿದ 2018ರ ನ್ಯಾಯಮಂಡಳಿ ತೀರ್ಪು ಓದಿದ್ದಾರೆಯೇ, ತೆರಿಗೆ ಪಾಲಿನ ಬಗ್ಗೆ ಅವರ ನಿಲುವೇನು, ರಾಜ್ಯಪಟ್ಟಿಯ ವಿಷಯದ ಮಸೂದೆ ಬಂದಾಗ ಮತಕ್ಕೆ ಹಾಕಿ ಎಂದು ಒತ್ತಾಯಿಸುತ್ತಾರೆಯೇ ಎಂದು ಕೇಳಿ. ಪಕ್ಷದ ಶಿಸ್ತು ಮುರಿಯದೆಯೇ ಕೇಳಬಹುದಾದ ಪ್ರಶ್ನೆಗಳಿವು.

ಗೆದ್ದ ಮೇಲೆ ವರ್ಷಕ್ಕೊಮ್ಮೆಯಾದರೂ ಹನ್ನೆರಡು ಮಂದಿಯನ್ನೂ ಬೆಂಗಳೂರಿಗೆ ಕರೆಸಿ. ಅವರು ವಿಧಾನಸಭೆಯ ಕಲಾಪದಲ್ಲಿ ಮಾತನಾಡುವಂತಿಲ್ಲ, ನನಗೆ ಗೊತ್ತು. ಆದರೆ ಉಭಯ ಸದನಗಳ ಒಂದು ಜಂಟಿ ಸಮಿತಿ ಮಾಡಿ, ಅದರ ಮುಂದೆ ಬಂದು ಹೋದ ವರ್ಷ ಏನು ಕೇಳಿದಿರಿ, ಯಾವುದಕ್ಕೆ ಮತ ಹಾಕಿದಿರಿ ಎಂದು ಹೇಳಲು ಆಹ್ವಾನಿಸುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು. ಬರದವರ ಹೆಸರು ಪತ್ರಿಕೆಯಲ್ಲಿ ಬಂದರೆ ಸಾಕು. ಮತ್ತೆ, 2018ರಿಂದ ರಾಜ್ಯಸಭೆಯಲ್ಲಿ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ತತ್‌ಕ್ಷಣದ ಅನುವಾದದ ವ್ಯವಸ್ಥೆಯಿದೆ. ಮೊದಲೇ ತಿಳಿಸಿದರೆ ಕನ್ನಡದಲ್ಲೇ ಮಾತನಾಡಬಹುದು. ಕನ್ನಡ ಬಲ್ಲ ಸದಸ್ಯರಾದರೂ ಅದನ್ನು ಬಳಸಲಿ. ನಮ್ಮ ಹಳ್ಳಿಯವರು ಮೊಬೈಲಿನಲ್ಲಿ ಅದನ್ನು ನೋಡುತ್ತಾರೆ, ಅರ್ಥವಾಗದ ಇಂಗ್ಲಿಷ್ ಭಾಷಣಕ್ಕಿಂತ ಹೆಚ್ಚು ಆಸಕ್ತಿಯಿಂದಲೇ ನೋಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರಗಳಿವೆ: ಮೊಳಕಾಲ್ಮುರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಾಮಪತ್ರಗಳು ಗುಟ್ಟಿನ ಕಾಗದಗಳಲ್ಲ, ಸೂಚಕರು ಯಾರೆಂದು ಯಾರು ಬೇಕಾದರೂ ನೋಡಬಹುದು. ಮುಂದಿನ ಚುನಾವಣೆಯಲ್ಲಿ ಆ ಹತ್ತು ಸಹಿಗಳಲ್ಲಿ ನಮ್ಮ ಆರು ಮಂದಿಯಲ್ಲಿ ಒಬ್ಬರದ್ದಿದ್ದರೂ, ಅವರು ಗ್ರಾಮದೇವತೆಯ ಜಾತ್ರೆಗೋ ಸಮುದಾಯ ಭವನದ ಉದ್ಘಾಟನೆಗೋ ಊರಿಗೆ ಬಂದಾಗ ಮೈಕು ಸಿಕ್ಕರೆ ಮೈಕಿನಲ್ಲಿ, ಸಿಗದಿದ್ದರೆ ಕಾರಿನ ಕಿಟಕಿಯ ಬಳಿ ನಿಂತು ಕೇಳುವವನಿದ್ದೇನೆ: ಸಹಿ ಹಾಕುವ ಮೊದಲು ಅವರಿಗೆ ಭದ್ರಾ ಮೇಲ್ದಂಡೆಯ ಬಗ್ಗೆ ಏನು ಕೇಳಿದಿರಿ, ಅವರು ಏನು ಹೇಳಿದರು?

ಇತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ಮತದಾರ